ಟ್ಯಾಂಕರ್ ನೀರಿನಿಂದ ಟಿಎಂಸಿವರೆಗೆ: ಅಡಿ, ಇಂಚು, ಲೀಟರ್ ಲೆಕ್ಕ ತಪ್ಪದಂತೆ ಮಾಡೋದು ಹೇಗೆ?

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಕೈಕೊಟ್ಟಾಗ ಟ್ಯಾಂಕರ್ ನೀರಿನ ಬೆಲೆ ಸಿಕ್ಕಾಪಟ್ಟೆ ಏರಿತು. ಕೊನೆಗೆ ಮಾರ್ಚ್‌ನಲ್ಲಿ ಜಿಲ್ಲಾಡಳಿತವೇ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗಾದರೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ. ದರವೇನೋ ಗೊತ್ತಾಯಿತು. ಆದರೆ ನಮ್ಮ ಸಂಪಿಗೆ ಬಿದ್ದದ್ದು ನಿಜವಾಗಿ 6,000 ಲೀಟರಾ ಅಂತ ತಿಳಿಯೋದು ಹೇಗೆ?

ಸಂಪಿನ ಉದ್ದಗಲ ಅಡಿಯಲ್ಲಿರುತ್ತದೆ. ನೀರು ಏರಿದ್ದನ್ನು ಇಂಚಿನಲ್ಲಿ ನೋಡುತ್ತೇವೆ. ದುಡ್ಡು ಕೊಡೋದು ಲೀಟರ್ ಲೆಕ್ಕದಲ್ಲಿ. ಒಂದೇ ಪ್ರಶ್ನೆಯಲ್ಲಿ ಮೂರು ಅಳತೆಗಳು ಸೇರಿಕೊಂಡಿವೆ. ಮಕ್ಕಳ ಗಣಿತ ಪುಸ್ತಕದಲ್ಲಿ 'ಒಂದು ತೊಟ್ಟಿಯ ಉದ್ದ ಇಷ್ಟು, ಅಗಲ ಇಷ್ಟು' ಎಂದು ಶುರುವಾಗುವ ಸಮಸ್ಯೆಯೂ ಇದೇ. ಪೇಪರಿನಲ್ಲಿ ಬರುವ ಟಿಎಂಸಿ, ಕ್ಯುಸೆಕ್ ಲೆಕ್ಕವೂ ಇದೇ. ಒಂದನ್ನು ಸರಿಯಾಗಿ ಹಿಡಿದರೆ ಉಳಿದವೂ ಬರುತ್ತವೆ. ಬುಡದಿಂದಲೇ ನೋಡೋಣ.

ಘನಫಲ ಅಂದರೆ ಎಷ್ಟು ಜಾಗ

ಗೋಡೆ ಎಷ್ಟು ಉದ್ದ ಇದೆ ಅನ್ನೋದಕ್ಕೆ ಟೇಪು ಒಂದು ಸಲ ಹಿಡಿದರೆ ಸಾಕು. ಅದು ಅಡಿ. ನೆಲ ಎಷ್ಟು ವಿಸ್ತಾರ ಇದೆ ಅನ್ನೋದಕ್ಕೆ ಎರಡು ಸಲ ಹಿಡಿಯಬೇಕು, ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ. ಎರಡನ್ನೂ ಗುಣಿಸಿದರೆ ಚದರ ಅಡಿ. ಒಂದು ತೊಟ್ಟಿಯಲ್ಲಿ ಎಷ್ಟು ಹಿಡಿಸುತ್ತದೆ ಅನ್ನೋದಕ್ಕೆ ಮೂರು ಸಲ ಹಿಡಿಯಬೇಕು. ಉದ್ದ, ಅಗಲ, ಆಳ ಮೂರನ್ನೂ ಗುಣಿಸಿದರೆ ಘನ ಅಡಿ. ಮೇಸ್ತ್ರಿಗಳ ಬಾಯಲ್ಲಿ ಇದೇ ಸಿಎಫ್‌ಟಿ. ಶಾಲೆಯ ಪುಸ್ತಕದಲ್ಲಿ ಘನಫಲ.

ಲೀಟರ್ ಕೂಡ ಇದೇ ಜಾತಿಯದು. ಎಲ್ಲ ಕಡೆಯಿಂದಲೂ 10 ಸೆಂಟಿಮೀಟರ್ ಇರುವ ಒಂದು ಡಬ್ಬ ಇದೆ ಎಂದುಕೊಳ್ಳಿ. ಅದರಲ್ಲಿ ಹಿಡಿಸುವಷ್ಟೇ ಒಂದು ಲೀಟರ್. 10 × 10 × 10, ಅಂದರೆ 1,000 ಘನ ಸೆಂಟಿಮೀಟರ್. ಹಾಗಾಗಿ ಸಂಪಿನ ಅಳತೆಗೂ ಹಾಲಿನ ಪ್ಯಾಕೆಟ್ಟಿನ ಅಳತೆಗೂ ನಂಟಿದೆ. ಎರಡೂ ಹೇಳೋದು ಜಾಗವನ್ನೇ.

ಎಡವೋದು ಎಲ್ಲಿ?

ಒಂದು ಅಡಿಗೆ 12 ಇಂಚು. ಹಾಗಾದರೆ ಒಂದು ಘನ ಅಡಿಗೆ ಎಷ್ಟು ಘನ ಇಂಚು? ಥಟ್ಟನೆ ಬಾಯಿಗೆ ಬರುವ ಉತ್ತರ 12. ಅದು ತಪ್ಪು. ಈ ವಿಷಯದಲ್ಲಿ ನಡೆಯುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ದೊಡ್ಡ ಮೈಸೂರು ಪಾಕಿನ ಗಟ್ಟಿ ಇದೆ ಎನ್ನಿ. ಅದನ್ನು ಒಂದೊಂದು ಇಂಚಿನ ತುಂಡು ಮಾಡಬೇಕು. ಒಂದು ಸಾಲಿನಲ್ಲಿ 12 ತುಂಡು ಬರುತ್ತವೆ. ಅಂಥ ಸಾಲುಗಳು 12. ಅಲ್ಲಿಗೆ ಮೇಲಿನ ಒಂದು ಪದರದಲ್ಲೇ 144 ತುಂಡು ಆಯಿತು. ಅಂಥ ಪದರಗಳೂ 12. ಒಟ್ಟು 12 × 12 × 12, ಅಂದರೆ 1,728 ತುಂಡು. ಮೂರು ದಿಕ್ಕಿನಲ್ಲೂ ಕತ್ತರಿಸಿದ್ದರಿಂದ ಮೂರು ಸಲ ಗುಣಿಸಬೇಕಾಯಿತು.

ಮೀಟರಿಗೂ ಇದೇ ಮಾತು. ಒಂದು ಮೀಟರಿಗೆ 100 ಸೆಂಟಿಮೀಟರ್. ಒಂದು ಘನ ಮೀಟರಿಗೆ 100 × 100 × 100, ಅಂದರೆ ಹತ್ತು ಲಕ್ಷ ಘನ ಸೆಂಟಿಮೀಟರ್. ಲೀಟರಿಗೆ 1,000 ಘನ ಸೆಂಟಿಮೀಟರ್ ಆದ್ದರಿಂದ ಒಂದು ಘನ ಮೀಟರ್ ಅಂದರೆ 1,000 ಲೀಟರ್.

ಇನ್ನು ಅಡಿಯನ್ನು ಲೀಟರಿಗೆ ತರೋದು. ಒಂದು ಅಡಿ ಅಂದರೆ ನಿಖರವಾಗಿ 30.48 ಸೆಂಟಿಮೀಟರ್. 1959ರಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳು ಒಪ್ಪಿಕೊಂಡ ಅಳತೆ ಇದು. 30.48 ಅನ್ನು ಮೂರು ಸಲ ಗುಣಿಸಿದರೆ ಸುಮಾರು 28,317 ಘನ ಸೆಂಟಿಮೀಟರ್. 1,000ದಿಂದ ಭಾಗಿಸಿದರೆ 28.3 ಲೀಟರ್. ನಮ್ಮಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ಆದರೂ ಸೈಟು, ಸಂಪು, ಗೋಡೆ, ತಾರಸಿ ಎಲ್ಲ ಇವತ್ತಿಗೂ ಅಡಿಯಲ್ಲೇ ಇವೆ. ಹಾಗಾಗಿ ಈ 28.3 ಮನೆ ಕಟ್ಟಿದವರಿಗೂ ಕಟ್ಟುವವರಿಗೂ ಬಾಯಿಪಾಠ ಇರಬೇಕಾದ ಸಂಖ್ಯೆ.

ನೆನಪಿಡಬೇಕಾದ್ದು ಜಾಸ್ತಿ ಏನಿಲ್ಲ:

1 ಘನ ಅಡಿ = 28.3 ಲೀಟರ್
1 ಘನ ಮೀಟರ್ = 1,000 ಲೀಟರ್ = 35.3 ಘನ ಅಡಿ

ಗುಣಿಸಬೇಕೋ, ಭಾಗಿಸಬೇಕೋ?

ಸಂಖ್ಯೆ ಗೊತ್ತಿದ್ದರೂ ಇಲ್ಲಿ ಬಂದು ಗೊಂದಲ ಆಗುತ್ತದೆ. ದಾರಿ ಸುಲಭ ಇದೆ. ದೊಡ್ಡ ಅಳತೆಯಿಂದ ಸಣ್ಣ ಅಳತೆಗೆ ಹೋಗುವಾಗ ಸಂಖ್ಯೆ ಹೆಚ್ಚಾಗಬೇಕು. ಸಣ್ಣದರಿಂದ ದೊಡ್ಡದಕ್ಕೆ ಹೋಗುವಾಗ ಕಡಿಮೆಯಾಗಬೇಕು. ಘನ ಅಡಿಗಿಂತ ಲೀಟರ್ ಸಣ್ಣದು. ಹಾಗಾಗಿ ಘನ ಅಡಿಯನ್ನು ಲೀಟರ್ ಮಾಡಲು 28.3ರಿಂದ ಗುಣಿಸಬೇಕು. ಲೀಟರನ್ನು ಘನ ಅಡಿ ಮಾಡಲು ಭಾಗಿಸಬೇಕು.

ಇದರ ಜೊತೆಗೆ ಇನ್ನೊಂದು ಅಭ್ಯಾಸ ಬೇಕು. ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದರ ಅಳತೆ ಬರೆಯೋದು. ಸುಮ್ನೆ 212 ಅಂತ ಬರೆಯಬೇಡಿ, '212 ಘನ ಅಡಿ' ಅಂತ ಬರೆಯಿರಿ. ಆಗ ಭಾಗಾಕಾರದಲ್ಲಿ ಅಳತೆಗಳೂ ಸಂಖ್ಯೆಗಳಂತೆಯೇ ಹೊಡೆದು ಹೋಗುತ್ತವೆ. ಘನ ಅಡಿಯನ್ನು ಚದರ ಅಡಿಯಿಂದ ಭಾಗಿಸಿದರೆ ಉಳಿಯೋದು ಬರೀ ಅಡಿ, ಅಂದರೆ ಎತ್ತರ. ಎತ್ತರ ಹುಡುಕುತ್ತಿರುವಾಗ ಕೊನೆಯಲ್ಲಿ ಚದರ ಅಡಿ ಉಳಿದಿದ್ದರೆ ಲೆಕ್ಕ ಎಲ್ಲೋ ದಾರಿ ತಪ್ಪಿದೆ ಎಂದೇ ಅರ್ಥ. ಮಕ್ಕಳಿಗೆ ಇದನ್ನು ಮೊದಲ ದಿನದಿಂದಲೇ ರೂಢಿ ಮಾಡಿಸಬೇಕು. ಸೂತ್ರ ಮರೆತುಹೋದರೂ ಅಳತೆ ನೋಡಿ ದಾರಿ ಹಿಡಿಯಬಹುದು.

ಸಂಪಿಗೆ ಬಿದ್ದ ನೀರು ಎಷ್ಟು?

ಈಗ ಟ್ಯಾಂಕರ್ ಲೆಕ್ಕ. ಸಂಪು 8 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳ. 6,000 ಲೀಟರ್ ಸುರಿದರೆ ನೀರು ಎಷ್ಟು ಏರಬೇಕು?

ಮೊದಲ ಹೆಜ್ಜೆ, ಲೀಟರನ್ನು ಘನ ಅಡಿಗೆ ತರೋದು. 6,000 ÷ 28.3 = ಸುಮಾರು 212 ಘನ ಅಡಿ.

ಎರಡನೆಯದು, ಸಂಪಿನ ತಳ ಎಷ್ಟು ಅಂತ ನೋಡೋದು. 8 ಅಡಿ × 6 ಅಡಿ = 48 ಚದರ ಅಡಿ.

ಮೂರನೆಯದು, ನೀರಿನ ಘನಫಲವನ್ನು ತಳದಿಂದ ಭಾಗಿಸೋದು. 212 ಘನ ಅಡಿ ÷ 48 ಚದರ ಅಡಿ = 4.42 ಅಡಿ.

ಇಲ್ಲೊಂದು ಗುಂಡಿ ಇದೆ, ಹುಷಾರು. 4.42 ಅಡಿ ಅಂದರೆ 4 ಅಡಿ 4 ಇಂಚು ಅಲ್ಲ. ಅಡಿಗೆ 12 ಇಂಚು ಇರೋದರಿಂದ ದಶಾಂಶದ ಭಾಗವನ್ನು 12ರಿಂದ ಗುಣಿಸಬೇಕು. 0.42 × 12 = 5 ಇಂಚು. ಅಲ್ಲಿಗೆ ನೀರು 4 ಅಡಿ 5 ಇಂಚು ಏರಬೇಕು. ಒಟ್ಟು 53 ಇಂಚು.

ಪ್ರತಿ ಸಲ ಇಷ್ಟೆಲ್ಲ ಮಾಡುತ್ತಾ ಕೂರಬೇಕಿಲ್ಲ. ಒಂದೇ ಒಂದು ಸಲ ಕೂತು, ನಿಮ್ಮ ಸಂಪಿನ ಒಂದು ಇಂಚು ಅಂದರೆ ಎಷ್ಟು ಲೀಟರ್ ಅಂತ ತೆಗೆದಿಟ್ಟುಕೊಳ್ಳಿ. ಈ ಸಂಪಿನಲ್ಲಿ ತಳ 48 ಚದರ ಅಡಿ. ಒಂದು ಇಂಚು ಅಂದರೆ ಅಡಿಯ ಹನ್ನೆರಡನೇ ಒಂದು ಭಾಗ. 48 ÷ 12 = 4 ಘನ ಅಡಿ. 4 × 28.3 = ಸುಮಾರು 113 ಲೀಟರ್. ಈ 113 ಅನ್ನು ಸಂಪಿನ ಮುಚ್ಚಳದ ಒಳಗಡೆ ಪೇಂಟಿನಲ್ಲಿ ಬರೆದಿಟ್ಟರೂ ತಪ್ಪಿಲ್ಲ.

ಆಮೇಲೆ ಕೆಲಸ ಹಗುರ. ಟ್ಯಾಂಕರ್ ಬರುವ ಮೊದಲು ಒಂದು ಉದ್ದನೆಯ ಒಣ ಕೋಲನ್ನು ತಳ ಮುಟ್ಟುವಂತೆ ನೇರ ಇಳಿಸಿ. ಎಷ್ಟು ಒದ್ದೆಯಾಯಿತೋ ಅಷ್ಟಕ್ಕೆ ಗುರುತು ಹಾಕಿ. ನೀರು ತುಂಬಿ, ಅಲೆಯಾಡೋದು ನಿಂತ ಮೇಲೆ ಮತ್ತೆ ಅದೇ ಜಾಗದಲ್ಲಿ ಇಳಿಸಿ. ಎರಡು ಗುರುತಿನ ನಡುವೆ 47 ಇಂಚು ಇದೆ ಎನ್ನಿ. 47 × 113 = 5,311 ಲೀಟರ್. ಅಂದರೆ ಸುಮಾರು 700 ಲೀಟರ್ ಕಡಿಮೆ ಬಂದಿದೆ. ಒಂದೆರಡು ಇಂಚಿನ ವ್ಯತ್ಯಾಸ ಕೋಲು ಹಿಡಿದ ರೀತಿಯಿಂದಲೂ ಬರಬಹುದು. ಆರು ಇಂಚು ಹಾಗೆ ಬರೋದಿಲ್ಲ.

ಅಳೆಯುವಾಗ ಸಂಪಿನ ಒಳಅಳತೆಯನ್ನೇ ತೆಗೆದುಕೊಳ್ಳಬೇಕು. ಹೊರಗಿನಿಂದ 8 × 6 ಅಡಿ ಇದ್ದು, ಗೋಡೆ ಪ್ರತಿ ಬದಿಗೂ ಅರ್ಧ ಅಡಿ ದಪ್ಪ ಇದ್ದರೆ ಒಳಗೆ ಉಳಿಯೋದು 7 × 5, ಅಂದರೆ 35 ಚದರ ಅಡಿ ಮಾತ್ರ. 48ಕ್ಕೂ 35ಕ್ಕೂ ಎಷ್ಟು ಅಂತರ ನೋಡಿ, ಕಾಲು ಭಾಗಕ್ಕಿಂತ ಜಾಸ್ತಿ. ಆ ಲೆಕ್ಕ ಹಿಡಿದು ಹೋಗಿ ಟ್ಯಾಂಕರ್‌ನವರ ಜೊತೆ ಮಾತಿಗೆ ನಿಂತರೆ ತಪ್ಪು ನಮ್ಮದೇ ಆಗುತ್ತದೆ. ನೀರು ತುಂಬುವಾಗ ಮೋಟರ್ ಆಫ್ ಆಗಿರಬೇಕು, ಕಾವೇರಿ ನೀರಿನ ಪೈಪೂ ಬಂದ್ ಆಗಿರಬೇಕು.

ಇದೇ ಲೆಕ್ಕ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಸಂಪಿನ ಆಳ 72 ಇಂಚು. ಟ್ಯಾಂಕರ್ ನೀರಿಗೆ 53 ಇಂಚು ಬೇಕು. ಉಳಿಯೋದು 19 ಇಂಚು. ಹಾಗಾಗಿ ಸಂಪಿನಲ್ಲಿ ಈಗಾಗಲೇ ಒಂದೂವರೆ ಅಡಿಗಿಂತ ಜಾಸ್ತಿ ನೀರಿದ್ದರೆ ಪೂರ್ತಿ ಟ್ಯಾಂಕರ್ ಹಿಡಿಸೋದು ಕಷ್ಟ. ದುಡ್ಡು ಕೊಟ್ಟ ನೀರು ಮೋರಿ ಸೇರುತ್ತದೆ.

ಆ ನೀರು ಎಷ್ಟು ದಿನಕ್ಕೆ ಬರುತ್ತದೆ? ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರಿ ಲೆಕ್ಕ. ನಾಲ್ಕು ಜನರ ಮನೆಗೆ 540 ಲೀಟರ್. 6,000 ÷ 540 = 11 ದಿನ.

ಸಿಮೆಂಟ್ ರಿಂಗಿನ ತೊಟ್ಟಿಯಾದರೆ ತಳ ಗುಂಡಗಿರುತ್ತದೆ. ಆಗ ತಳದ ಲೆಕ್ಕ ಮಾತ್ರ ಬದಲಾಗುತ್ತದೆ. ಅಡ್ಡಳತೆಯ ಅರ್ಧ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ. 4 ಅಡಿ ಅಡ್ಡಳತೆಯ ತೊಟ್ಟಿಗೆ 2 × 2 × 3.14 = 12.56 ಚದರ ಅಡಿ. ಮುಂದಿನದೆಲ್ಲ ಮೊದಲಿನಂತೆಯೇ.

ತಾರಸಿಗೆ ಎಷ್ಟು ಲಾರಿ ಕಾಂಕ್ರೀಟ್?

ಮನೆ ಕಟ್ಟುವವರಿಗೆ ಇನ್ನೊಂದು ತಲೆನೋವು. ತಾರಸಿಯ ಉದ್ದಗಲ ಅಡಿಯಲ್ಲಿ, ದಪ್ಪ ಇಂಚಿನಲ್ಲಿ. ರೆಡಿಮಿಕ್ಸ್ ಕಂಪನಿಯವರು ಕಾಂಕ್ರೀಟ್ ಮಾರೋದು ಕ್ಯೂಬಿಕ್ ಮೀಟರ್, ಅಂದರೆ ಘನ ಮೀಟರ್ ಲೆಕ್ಕದಲ್ಲಿ. 30 × 40ರ ತಾರಸಿ, 5 ಇಂಚು ದಪ್ಪ. ಎಷ್ಟು ಬೇಕು?

ಎಲ್ಲವನ್ನೂ ಮೊದಲು ಒಂದೇ ಅಳತೆಗೆ ತನ್ನಿ, ಆಮೇಲೆ ಗುಣಿಸಿ. 5 ಇಂಚು ಅಂದರೆ 5 ÷ 12 ಅಡಿ, ಅಂದರೆ 0.4167 ಅಡಿ. 'ಐದು ಇಂಚು, ಅಂದರೆ ಅರ್ಧ ಅಡಿ' ಅಂದುಕೊಂಡರೆ 100 ಘನ ಅಡಿ ಕಾಂಕ್ರೀಟ್ ಸುಮ್ನೆ ಜಾಸ್ತಿ ತರಿಸಿದಂತೆ. 30 × 40 = 1,200 ಚದರ ಅಡಿ. 1,200 × 5 ÷ 12 = 500 ಘನ ಅಡಿ. 500 ÷ 35.3 = 14.2 ಘನ ಮೀಟರ್.

ಒಂದು ಮಿಕ್ಸರ್ ಲಾರಿಯಲ್ಲಿ 6 ಘನ ಮೀಟರ್ ಬರುತ್ತದೆ ಅಂದರೆ, 14.2 ÷ 6 = 2.37 ಲಾರಿ. ಶಾಲೆಯಲ್ಲಿ ಕಲಿಸುವಂತೆ ಹತ್ತಿರದ ಪೂರ್ಣಸಂಖ್ಯೆಗೆ ತಂದರೆ ಉತ್ತರ 2. ಆದರೆ ಎರಡೇ ಲಾರಿ ತರಿಸಿದರೆ ತಾರಸಿ ಅರ್ಧದಲ್ಲೇ ನಿಲ್ಲುತ್ತದೆ. ಇಲ್ಲಿ ಮೇಲಕ್ಕೇ ಹೋಗಬೇಕು. ಮೂರು ಲಾರಿ, ಮೂರನೆಯದು ಅರ್ಧಕ್ಕೂ ಕಡಿಮೆ. ಬೀಮಿನ ಕಾಂಕ್ರೀಟ್ ಇದರ ಮೇಲೆ ಬೇರೆ. ಉತ್ತರ ಬಂದ ಮೇಲೆ ಪ್ರಶ್ನೆಯನ್ನು ಮತ್ತೊಮ್ಮೆ ಓದಬೇಕು ಅನ್ನೋದು ಇದಕ್ಕೇ.

ಒಂದು ಮೀಟರಿಗೆ 3.28 ಅಡಿ ಅಂತ ಗೊತ್ತಿರುವವರು ಕೆಲವೊಮ್ಮೆ 500 ಅನ್ನು 3.28ರಿಂದ ಒಂದೇ ಸಲ ಭಾಗಿಸಿಬಿಡುತ್ತಾರೆ. ಬರುವ ಉತ್ತರ 152 ಘನ ಮೀಟರ್. ಒಂದು ಮನೆಯ ತಾರಸಿಗೆ 26 ಲಾರಿ! ಮೂರು ದಿಕ್ಕು ಮರೆತದ್ದರ ಫಲ ಇದು. 3.28 × 3.28 × 3.28 = 35.3. ಮೂರು ಸಲ ಭಾಗಿಸಿದರೂ ಸರಿ, 35.3ರಿಂದ ಒಮ್ಮೆ ಭಾಗಿಸಿದರೂ ಸರಿ.

ತಾರಸಿ ಮೇಲೆ ಬಿದ್ದ ಮಳೆ

ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಅದು ಉದ್ದದ ಅಳತೆ. ಹಾಗಾದರೆ ನೀರಿನ ಪ್ರಮಾಣ ತಿಳಿಯೋದು ಹೇಗೆ? 50 ಮಿಲಿಮೀಟರ್ ಮಳೆ ಅಂದರೆ, ಬಿದ್ದ ನೀರು ಹರಿದುಹೋಗದೆ, ಇಂಗದೆ ಅಲ್ಲೇ ನಿಂತಿದ್ದರೆ 50 ಮಿಲಿಮೀಟರ್ ಆಳ ಇರುತ್ತಿತ್ತು ಅಂತ. ಆಳ ಸಿಕ್ಕಿತು, ತಾರಸಿಯ ಉದ್ದಗಲ ನಮ್ಮ ಹತ್ತಿರ ಇದೆ. ಇನ್ನೇನು ಬೇಕು?

ಮೆಟ್ರಿಕ್ ಅಳತೆ ಇಲ್ಲಿ ಬಹಳ ಚೆನ್ನಾಗಿ ಕೂಡಿಬರುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಒಂದು ಘನ ಮೀಟರನ್ನು ಒಂದು ಮಿಲಿಮೀಟರ್ ದಪ್ಪದ 1,000 ಹಾಳೆಗಳಾಗಿ ಸೀಳಿದಂತಾಯಿತು, ಅಲ್ವಾ? ಪ್ರತಿ ಹಾಳೆಯೂ ಒಂದು ಲೀಟರ್.

1,000 ಚದರ ಅಡಿ ತಾರಸಿ ಅಂದರೆ 92.9 ಚದರ ಮೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. 92.9 × 970 = ಸುಮಾರು 90,100 ಲೀಟರ್. ಆವಿಯಾಗಿ, ಚೆಲ್ಲಿ, ಮೊದಲ ಮಳೆಯ ಕೊಳೆನೀರು ಹೊರಗೆ ಬಿಟ್ಟು ನೂರಕ್ಕೆ 80ರಷ್ಟು ಸಿಕ್ಕಿದರೂ 72,000 ಲೀಟರ್. ಅದನ್ನು 6,000ದಿಂದ ಭಾಗಿಸಿ ನೋಡಿ. ಹನ್ನೆರಡು ಟ್ಯಾಂಕರ್ ನೀರು, ತಲೆಯ ಮೇಲೆಯೇ.

ಟಿಎಂಸಿ ಮತ್ತು ಕ್ಯುಸೆಕ್

ಸಂಪಿನ ಲೆಕ್ಕ ಬಂದವರಿಗೆ ಜಲಾಶಯದ ಲೆಕ್ಕವೂ ಬರುತ್ತದೆ. ಸೊನ್ನೆಗಳು ಜಾಸ್ತಿ, ಅಷ್ಟೇ. ಒಂದು ಟಿಎಂಸಿ ಅಂದರೆ ಸಾವಿರ ಮಿಲಿಯನ್ ಘನ ಅಡಿ, ನಮ್ಮ ಲೆಕ್ಕದಲ್ಲಿ 100 ಕೋಟಿ ಘನ ಅಡಿ. 28.3ರಿಂದ ಗುಣಿಸಿದರೆ 2,830 ಕೋಟಿ ಲೀಟರ್. ಕೆಆರ್‌ಎಸ್ 124.80 ಅಡಿಗೆ ಪೂರ್ತಿ ತುಂಬಿದಾಗ ಹಿಡಿಸೋದು 49.45 ಟಿಎಂಸಿ.

ಟಿಎಂಸಿ ಎಷ್ಟು ನೀರು ಇದೆ ಅಂತ ಹೇಳುತ್ತದೆ. ಕ್ಯುಸೆಕ್ ಎಷ್ಟು ವೇಗವಾಗಿ ಹರಿಯುತ್ತಿದೆ ಅಂತ ಹೇಳುತ್ತದೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. 'ಇಷ್ಟು ಕ್ಯುಸೆಕ್ ನೀರು ಬಿಟ್ಟರು' ಅಂತ ಕೇಳಿದಾಗ 'ಎಷ್ಟು ಹೊತ್ತು?' ಅನ್ನೋ ಪ್ರಶ್ನೆ ಕೇಳಲೇಬೇಕು. ಹೊತ್ತು ಗೊತ್ತಿಲ್ಲದಿದ್ದರೆ ಒಟ್ಟು ನೀರು ಎಷ್ಟು ಅಂತ ಹೇಳಲು ಆಗೋದಿಲ್ಲ.

2023 ಮಳೆ ಕೈಕೊಟ್ಟ ವರ್ಷ. ತಮಿಳುನಾಡಿಗೆ 15 ದಿನ, ದಿನವೂ 5,000 ಕ್ಯುಸೆಕ್‌ನಂತೆ ಕಾವೇರಿ ನೀರು ಬಿಡಬೇಕೆಂಬ ಸೂಚನೆ ಕರ್ನಾಟಕಕ್ಕೆ ಬಂತು. ಸೆಪ್ಟೆಂಬರ್‌ನಲ್ಲಿ ಬಂದ್‌ಗಳೂ ನಡೆದವು. ಆ ಸೂಚನೆಯ ನೀರು ಒಟ್ಟು ಎಷ್ಟು? ದಿನಕ್ಕೆ 24 × 60 × 60 = 86,400 ಸೆಕೆಂಡು. 5,000 × 86,400 = 43.2 ಕೋಟಿ ಘನ ಅಡಿ. ಅಂದರೆ ದಿನಕ್ಕೆ 0.432 ಟಿಎಂಸಿ. 15 ದಿನಕ್ಕೆ 6.48 ಟಿಎಂಸಿ. ಕೆಆರ್‌ಎಸ್ ಪೂರ್ತಿ ತುಂಬಿದಾಗ ಇರುವ ನೀರಿನಲ್ಲಿ ಇದು ನೂರಕ್ಕೆ 13ರಷ್ಟು. ಆದರೆ ಆ ವರ್ಷ ಜಲಾಶಯ ತುಂಬಿರಲಿಲ್ಲ. ಹಾಗಾಗಿ ಇದ್ದ ನೀರಿನಲ್ಲಿ ಅದರ ಪಾಲು ಇನ್ನೂ ದೊಡ್ಡದಿತ್ತು.

ದಿನದ ಲೆಕ್ಕಕ್ಕೆ ಒಂದು ಸಂಖ್ಯೆ ಇಟ್ಟುಕೊಂಡರೆ ಪೇಪರ್ ಓದುತ್ತಲೇ ಅಂದಾಜು ಮಾಡಬಹುದು. 100 ಕೋಟಿಯನ್ನು 86,400ರಿಂದ ಭಾಗಿಸಿದರೆ 11,574. ಒಂದು ಇಡೀ ದಿನ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಒಳಹರಿವು 35,000 ಕ್ಯುಸೆಕ್ ಇದೆ ಅಂತ ಓದಿದರೆ, ದಿನಕ್ಕೆ ಸುಮಾರು 3 ಟಿಎಂಸಿ ಬರುತ್ತಿದೆ ಎಂದು ತಿಳಿದುಕೊಳ್ಳಿ.

ಕೊನೆಯದಾಗಿ, ಲೀಟರ್, ಟಿಎಂಸಿ ಎರಡೂ ಒಟ್ಟಿಗೆ ಬರುವ ಒಂದು ಲೆಕ್ಕ. ಬೆಂಗಳೂರಿನ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ 775 ಎಂಎಲ್‌ಡಿ, ಅಂದರೆ ದಿನಕ್ಕೆ 775 ಮಿಲಿಯನ್ ಲೀಟರ್, ನಮ್ಮ ಲೆಕ್ಕದಲ್ಲಿ 77.5 ಕೋಟಿ ಲೀಟರ್. 800 ಅಲ್ಲ, 750 ಅಲ್ಲ, 775 ಯಾಕೆ? ವರ್ಷದ ಲೆಕ್ಕ ಮಾಡಿ ನೋಡಿ. 77.5 ಕೋಟಿ × 365 = 28,287.5 ಕೋಟಿ ಲೀಟರ್. ಅದನ್ನು ಒಂದು ಟಿಎಂಸಿಯ 2,830 ಕೋಟಿ ಲೀಟರಿನಿಂದ ಭಾಗಿಸಿದರೆ ಹೆಚ್ಚುಕಡಿಮೆ 10. ನದಿಯಿಂದ ವರ್ಷಕ್ಕೆ ತೆಗೆಯುವ 10 ಟಿಎಂಸಿ ನೀರನ್ನೇ ದಿನದ ಲೀಟರ್ ಲೆಕ್ಕಕ್ಕೆ ಇಳಿಸಿದರೆ ಸಿಗುವ ಸಂಖ್ಯೆ 775.